ಜುಮಿರಾಳ ನಡುಕ

ಬು ಜುಮಿರಾಳನ್ನು (ನಮ್ಮಲ್ಲಿ ಬು ಎಂದರೆ ಅಮ್ಮ, ಪಾಕ್ ಎಂದರೆ ಅಪ್ಪ, ಮಾಸ್ ಎಂದರೆ ಅಣ್ಣ) ಮೊದಲ ಸಲ ಕಂಡಾಗ ನಾನು ಆಕೆಯನ್ನು ಮಳೆ ತಡೆಯುವವಳು ಎಂದುಕೊಂಡಿದ್ದೆ. ಜಾವಾದ ನಮ್ಮ ಜೋಗ್ಜಾ ಸೀಮೆಯಲ್ಲಿ ಬಯಲಿನಲ್ಲಿ ಏನೇ ನಡೆಯಲಿ, ಮದುವೆಯಾಗಲಿ, ಮಂತ್ರಿಯ ಭಾಷಣವಾಗಲಿ, ಶಾಮಿಯಾನದವನಿಗಿಂತ ಮೊದಲು ಮಳೆ ತಡೆಯುವವನಿಗೆ ಹೇಳಿಕಳಿಸುತ್ತಾರೆ. ಅವನು ಹಿಂದುಗಡೆ ಒಂದು ಮೂಲೆ ಹಿಡಿದು, ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನೆಟ್ಟು, ತುದಿಗೆ ಮೆಣಸಿನಕಾಯಿ ಈರುಳ್ಳಿ ಚುಚ್ಚಿ, ತಟ್ಟೆಯ ತುಂಬ ಹೂವು ನೀರು ಇಟ್ಟುಕೊಂಡು ಮೋಡಗಳ ಜೊತೆ ಮಾತುಕತೆ ನಡೆಸುತ್ತಾನೆ. ಮಳೆ ಬರದಿದ್ದರೆ ಅದು ಅವನ ಶಕ್ತಿ. ಬಂದರೆ ಕರೆಸಿದವರ ಮನಸ್ಸು ಶುದ್ಧವಾಗಿರಲಿಲ್ಲ.

ಆಗ ನಾನು ಮಾಸ್ ಗುರಿತ್ನೊನ ಗಾಮೆಲಾನ್ ತಂಡಕ್ಕೆ, ಅಂದರೆ ಕಂಚಿನ ವಾದ್ಯಗಳ ಮೇಳಕ್ಕೆ, ಗಾಂಗ್ ಎಂಬ ದೊಡ್ಡ ಜಾಗಟೆ ಬಾರಿಸಲು ಹೊಸದಾಗಿ ಸೇರಿದ್ದೆ. ಗಾಂಗ್ ಬಾರಿಸುವುದೆಂದರೆ ಉಳಿದವರೆಲ್ಲ ಬೆವರು ಸುರಿಸುವಾಗ ಸುಮ್ಮನೆ ಕುಳಿತಿದ್ದು, ಬಹಳ ಹೊತ್ತಿಗೊಮ್ಮೆ ಎಚ್ಚರವಾಗಿ ಒಂದು ಸಲ ಹೊಡೆಯುವ ಕೆಲಸ. ಹಳೆಯ ಬಂಗಲೆಯೊಂದರ ಅಂಗಳದಲ್ಲಿ ಸಂಜೆಯ ಕಛೇರಿ. ಕಪ್ಪು ಪರದೆಯ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬಳು ಕುಳಿತಿದ್ದಳು. ಮುಂದೆ ಅಗಲವಾದ ಗಾಜಿನ ತಟ್ಟೆಯಲ್ಲಿ ನೀರು, ಅದರಡಿಗೆ ದೀಪ, ಪಕ್ಕದಲ್ಲಿ ಪುಟ್ಟ ಒಲೆಯ ಮೇಲೆ ಏನೋ ಕರಗುತ್ತಿತ್ತು. ಸುತ್ತ ಬಟ್ಟಲುಗಳಲ್ಲಿ ಅರಿಸಿನದ ನೀರು, ನೀಲಿ ನೀರು, ಮರದ ತೊಗಟೆಯ ಕಂದು ನೀರು. ಆಕೆಯ ತುಟಿ ಅಲುಗುತ್ತಿತ್ತು. ಬಲಗೈ ತನ್ನಷ್ಟಕ್ಕೆ ನಡುಗುತ್ತಿತ್ತು. ಮೈಮೇಲೆ ಬಂದಿದೆ ಎಂದುಕೊಂಡೆ. ಇನ್ನೇನು ಸಾಕ್ಷಿ ಬೇಕು?

ಮಂಡಿಯೂರಿ ಕುಳಿತು, ಜೇಬಿನಲ್ಲಿದ್ದ ಲವಂಗದ ಸಿಗರೇಟಿನ ಪ್ಯಾಕನ್ನು ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದಿಟ್ಟೆ.

"ಬು, ಕಛೇರಿ ಮುಗಿಯೋವರ್ಗೂ ಒಂದು ಹನೀನೂ ಬೀಳಬಾರ್ದು."

ಆಕೆ ಪ್ಯಾಕನ್ನು ನೋಡಿದಳು, ನನ್ನನ್ನು ನೋಡಿದಳು. "ಬೀಳಲ್ಲ ಬಿಡಪ್ಪ" ಎಂದು ಪ್ಯಾಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎರಡನೆಯ ರಚನೆ ಅರ್ಧಕ್ಕೆ ಬರುವಷ್ಟರಲ್ಲಿ ಆಕಾಶವೇ ಹರಿದುಬಿತ್ತು. ಮದ್ದಳೆಯನ್ನು ಮಗುವಿನಂತೆ ಎದೆಗವಚಿಕೊಂಡು ನಮ್ಮ ತಂಡದ ಪಾಕ್ ಪೊನಿಮಿನ್ ಓಡಿದ. ನಾನು ನೆನೆದ ಬೆಕ್ಕಿನಂತೆ ಪರದೆಯ ಹಿಂದೆ ಹೋಗಿ ನಿಂತೆ.

"ಬು, ಬೀಳಲ್ಲ ಅಂದ್ರಲ್ಲ."

"ಅಂದೆ. ಟಿವೀಲೂ ಹಂಗೇ ಅಂದಿದ್ರು. ಅವ್ರನ್ನ ಹೋಗಿ ಕೇಳು."

"ಮತ್ತೆ ಸಿಗರೇಟು ಇಸ್ಕೊಂಡ್ರಿ?"

"ನೀನಾಗಿ ಕೊಟ್ಟೆ. ನಮ್ಮನೆಯವ್ರು ಸೇದ್ತಾರೆ. ಕೊಟ್ಟಿದ್ದನ್ನ ಬೇಡ ಅನ್ಲಾ?"

ಸೂರಿನಡಿ ನಿಂತು ಅಂಗಿ ಹಿಂಡುತ್ತಿದ್ದ ಪೊನಿಮಿನ್‌ಗೆ ವಿಷಯ ತಿಳಿದು ನಕ್ಕೂ ನಕ್ಕೂ ಕೆಮ್ಮು ಬಂತು. "ಅಲ್ಲಯ್ಯಾ, ನಿನ್ನ ಬೆನ್ನ ಹಿಂದೇನೇ ಅಷ್ಟು ದೊಡ್ಡ ಬಿಳಿ ತೆರೆ ಇತ್ತು. ಒಂದ್ಸಲನಾದ್ರೂ ಕತ್ತು ತಿರುಗಿಸಿ ನೋಡಿದ್ಯಾ?"

ನೋಡಿರಲಿಲ್ಲ. ಬಾರಿಸುವವರ ಮುಖ ಜನರ ಕಡೆ, ತೆರೆ ನಮ್ಮ ಬೆನ್ನಿಗೆ. ಮುಂದಿನ ಕಛೇರಿಯಲ್ಲಿ ಕತ್ತು ನೋಯುವವರೆಗೂ ತಿರುಗಿ ನೋಡಿದೆ. ಮೊದಲು ಬರೀ ಕಂದು ಕತ್ತಲೆ. ಅದರೊಳಗೆ ಒಂದು ಹೊಂಬಣ್ಣದ ಹನಿ ಬಿದ್ದು, ಬಿಸಿಲಿಗಿಟ್ಟ ಬೆಣ್ಣೆಯಂತೆ ಅಂಚು ಸಡಿಲಿಸಿ, ಬೆರಳು ಚಾಚಿ ಪಾಚಿಯಾಯಿತು. ಪಾಚಿ ಸೀಳಿ ಸಮುದ್ರ ಸೇರುವ ನದಿಯ ಕವಲುಗಳಾದವು. ಅರಿಸಿನದ ನೀರಿಗೆ ಸುಣ್ಣ ಬಿದ್ದ ಕೂಡಲೇ ಓಕುಳಿಯ ಕೆಂಪು ಎದ್ದು ಇಡೀ ತೆರೆ ಬೆಂಕಿಬೆಟ್ಟದ ಬಾಯಂತೆ ಕುದಿಯಿತು. ಇದೆಲ್ಲದರ ಮೇಲೆ ಬೆಳಕಿನ ಉಂಗುರಗಳು, ಬಳೆಯೊಳಗೆ ಬಳೆ ಇಟ್ಟಂತೆ, ಒಂದರ ಬೆನ್ನಿಗೆ ಒಂದು ಹೊರಟು ಅಂಚಿಗೆ ಹೋಗಿ ಸಾಯುತ್ತಿದ್ದವು. ತಟ್ಟೆಯ ಮೇಲೆ ಬಿದಿರಿನ ಗಳುವಿಗೆ ಕಟ್ಟಿದ ಕ್ಯಾಮೆರಾ ಕೆಳಗಿನ ನೀರನ್ನು ಆನೆ ಗಾತ್ರ ಮಾಡಿ ತೆರೆಗೆ ಕಳಿಸುತ್ತಿತ್ತು. ಆ ಉಂಗುರಗಳು ಆಕೆಯ ಕೈಯ ನಡುಕ.

ಆ ಕೈಗೆ ಹಿಂದೆ ಬೇರೆ ಹೆಸರಿತ್ತು. ಇಮೋಗಿರಿ ಕಡೆಯ ಬು ದಾರ್ಮಿಯ ಬಾಟಿಕ್ ಕಾರ್ಖಾನೆಯಲ್ಲಿ ಜುಮಿರಾ ಲಂಗ ತೊಡುವ ವಯಸ್ಸಿನಿಂದ ಕೆಲಸಕ್ಕಿದ್ದವಳು. ತಾಮ್ರದ ಮೂತಿಯ ಪುಟ್ಟ ಲೇಖನಿಯಾದ ಚಾಂತಿಂಗ್‌ನಲ್ಲಿ ಬಿಸಿ ಮೇಣ ತುಂಬಿ, ಮೂತಿ ಕಟ್ಟದಂತೆ ಒಮ್ಮೆ ಊದಿ (ನಾನು ಮಂತ್ರವೆಂದುಕೊಂಡದ್ದು ಈ ಊದುವುದನ್ನೇ), ಬಟ್ಟೆಯ ಮೇಲೆ ಚುಕ್ಕಿ ಇಡುವುದು ಆಕೆಯ ಕೆಲಸ. ಎಲೆ ಹೂವುಗಳ ಒಳಗನ್ನು ತುಂಬುವ ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಮೇಣ ಕೂತ ಕಡೆ ಬಣ್ಣ ಹತ್ತದೆ ಬಿಳಿ ಉಳಿಯುತ್ತದೆ. ಆಕೆಯ ಚುಕ್ಕಿಗಳು ಗುಂಡಗಿರುತ್ತಿದ್ದವು, ಒಂದರಂತೆ ಇನ್ನೊಂದು. ಅದನ್ನು ಬೇರೆಯವರು ಹೇಳಲಿ ಎಂದು ಕಾಯುವ ಸ್ವಭಾವ ಆಕೆಯದಲ್ಲ. ಪಕ್ಕದವರ ಬಟ್ಟೆ ಎತ್ತಿ, ಬೆಳಕಿಗೆ ಹಿಡಿದು, "ಇದೇನೇ, ಕೋಳಿ ಓಡಾಡಿ ಹೋಯ್ತಾ?" ಎಂದು ಇಡೀ ಕಾರ್ಖಾನೆಗೆ ಕೇಳುವಂತೆ ಕೇಳುತ್ತಿದ್ದಳು. ಒಬ್ಬ ಹುಡುಗಿ ಹಾಗೆ ಅತ್ತುಕೊಂಡು ಎದ್ದುಹೋದವಳು ಪ್ಲಾಸ್ಟಿಕ್ ಕಾರ್ಖಾನೆ ಸೇರಿದಳಂತೆ. ಇದನ್ನು ನನಗೆ ಹೇಳಿದವಳೂ ಜುಮಿರಾಳೇ. "ಒಳ್ಳೇದೇ ಆಯ್ತು. ಬಕೆಟ್‌ಗೆ ಚುಕ್ಕಿ ಇಡೋ ಹಂಗಿಲ್ಲ."

ನಡುಕ ಹೆಬ್ಬೆರಳಿಗೆ ಮೊದಲು ಬಂತು. ಬು ದಾರ್ಮಿ ಒಂದು ಬೆಳಿಗ್ಗೆ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಜುಮಿರಾ ಬೇರೆಯವರ ಬಟ್ಟೆ ಹಿಡಿಯುತ್ತಿದ್ದ ಹಾಗೆಯೇ.

"ಬು, ನಿಮ್ಮ ಚುಕ್ಕಿಗೆ ಬಾಲ ಬಂದಿದೆಯಲ್ಲ."

ಸಣ್ಣ ಚುಕ್ಕಿಯಿಂದ ದೊಡ್ಡ ಗೆರೆಗೆ, ದೊಡ್ಡ ಗೆರೆಯಿಂದ ಬಣ್ಣದ ತೊಟ್ಟಿಗೆ, ತೊಟ್ಟಿಯಿಂದ ಕೊನೆಗೆ ಹಂಡೆಯ ಹತ್ತಿರಕ್ಕೆ ಆಕೆಯನ್ನು ಇಳಿಸುತ್ತ ಬಂದರು. ಬಣ್ಣವಾದ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಮೇಣ ಬಿಡಿಸುವ ಹಂಡೆ ಅದು. ಕಾರ್ಖಾನೆಯಲ್ಲಿ ಅದಕ್ಕಿಂತ ಕೆಳಗೆ ಉಳಿದಿದ್ದು ಗೇಟು ಮಾತ್ರ. ಉಳಿದ ಹೆಂಗಸರು ಇಷ್ಟು ವರ್ಷ ಕಾದವರು. ಜುಮಿರಾ ಕೊನೆಯದಾಗಿ ಚುಕ್ಕಿಯಿಟ್ಟ ಬಟ್ಟೆಗೆ 'ಭೂಕಂಪದ ಬಟ್ಟೆ' ಎಂದು ಹೆಸರಿಟ್ಟು, ಊಟದ ಹೊತ್ತಿನಲ್ಲಿ ಹರಡಿಕೊಂಡು ನಗುತ್ತಿದ್ದರು. ಆ ಊರಿನಲ್ಲಿ ಭೂಕಂಪಕ್ಕೆ ಯಾರನ್ನೂ ಕಳೆದುಕೊಳ್ಳದ ಮನೆಯಿಲ್ಲ. ಅಂಥವರ ಬಾಯಿಗೆ ಆ ಮಾತು ಅಷ್ಟು ಸಲೀಸಾಗಿ ಬರಬೇಕಾದರೆ ಜುಮಿರಾ ಅವರನ್ನು ಎಷ್ಟು ಕೆಣಕಿರಬೇಕು ನೀವೇ ಊಹಿಸಿ.

ಗುರಿತ್ನೊ ಆಕೆಯನ್ನು ಕಂಡುಹಿಡಿದದ್ದು ಆ ಹಂಡೆಯ ಪಕ್ಕದಲ್ಲಿ. 'ಕಂಡುಹಿಡಿದದ್ದು' ಎಂಬುದು ಅವನದೇ ಮಾತು, ಸಂದರ್ಶನಗಳಲ್ಲಿ ಹೇಳುವುದು. ಹಾಲೆಂಡಿನಲ್ಲಿ ಓದಿಬಂದವನು. ಕಪ್ಪು ಅಂಗಿ, ಹಿಂದಕ್ಕೆ ಕಟ್ಟಿದ ಜುಟ್ಟು, 'ಪ್ರಕೃತಿ' ಎಂಬ ಪದ ಬಂದಾಗ ಕಣ್ಣು ಮುಚ್ಚುತ್ತಾನೆ. ಅವನ ಸಂಗೀತ ಕೆಟ್ಟದ್ದೇನಲ್ಲ. ಅವನು ಅದರ ಬಗ್ಗೆ ಮಾತಾಡದಿದ್ದರೆ ಇನ್ನೂ ಚೆನ್ನಾಗಿರುತ್ತದೆ. ತಂಡಕ್ಕೆ ಬಟ್ಟೆ ಕೊಳ್ಳಲು ಬಂದವನು ಹಂಡೆಯೊಳಗೆ ಇಣುಕಿದ. ಕರಗಿದ ಮೇಣ, ಬಿಟ್ಟ ಬಣ್ಣ ನೀರಿನ ಮೇಲೆ ಮೋಡಗಳಾಗಿ ತಿರುಗುತ್ತಿದ್ದವು. ಕೋಲು ಹಿಡಿದ ಜುಮಿರಾಳ ಕೈ ನಡುಗಿದಂತೆಲ್ಲ ಮೋಡಗಳೂ ನಡುಗುತ್ತಿದ್ದವು. ಗುರಿತ್ನೊ ಕಣ್ಣು ಮುಚ್ಚಿದ.

"ಬು, ಇದು ಭೂಮಿಯ ಉಸಿರು."

"ಇದು ಮೇಣ. ದೂರ ನಿಲ್ಲಿ ಮಾಸ್, ಸಿಡಿಯುತ್ತೆ."

ಹೀಗೆ ಆಕೆ ನಮ್ಮ ತಂಡಕ್ಕೆ ಬಂದಳು. ಹಂಡೆಯ ಬದಲು ಗಾಜಿನ ತಟ್ಟೆ ಬಂತು. ನೀರು ತಣ್ಣಗಾದರೆ ಮೇಣ ಬಿದ್ದಲ್ಲೇ ಗಟ್ಟಿಯಾಗಿ ಬಟಾಣಿಯಂತೆ ನಿಲ್ಲುತ್ತದೆ. ಹೆಚ್ಚು ಬಿಸಿಯಾದರೆ ಹರಡಿ ಕಾಣೆಯಾಗುತ್ತದೆ. ಆಕೆ ಬೆರಳದ್ದಿ ನೋಡಿ, ಬಿಸಿನೀರು ಬೆರೆಸಿ, ಸ್ವರ ತಾಳ ಒಂದೂ ತಿಳಿಯದೆ ನನ್ನ ಗಾಂಗ್ ಒಂದನ್ನೇ ನಂಬಿ ಕೆಲಸ ಮಾಡುತ್ತಿದ್ದಳು. ಗಾಂಗ್ ಬಿದ್ದರೆ ಹೊಸ ಹನಿ.

"ನಿದ್ದೆ ಹೊಡೀಬೇಡ" ಎಂದು ಪ್ರತಿ ಕಛೇರಿಗೂ ಮೊದಲು ನನಗೆ ಎಚ್ಚರಿಕೆ. "ನೀನು ತಡ ಮಾಡಿದ್ರೆ ನನ್ನ ಮೂತಿ ಕಟ್ಟುತ್ತೆ."

ಗುರಿತ್ನೊ ಚಿತ್ರಗಳಿಗೆ 'ಪಾಚಿಯ ಸ್ಮೃತಿ', 'ನದಿಯ ನರಮಂಡಲ' ಎಂದೆಲ್ಲ ಹೆಸರಿಡುತ್ತಿದ್ದ. ಆಕೆಗೆ ಅವು 'ಒಡೆದ ತೆಂಗಿನಹಾಲು' ಮತ್ತು 'ಮಗೂನ ಚಡ್ಡಿ'. ಜಕಾರ್ತಾದ ಪತ್ರಿಕೆಯೊಂದರಲ್ಲಿ ಬು ಹೆರಾವತಿ ಎಂಬ ಕಲಾವಿಮರ್ಶಕಿ ನಮ್ಮ ಕಛೇರಿಯ ಬಗ್ಗೆ ಅರ್ಧ ಪುಟ ಬರೆದಳು. ಸಂಗೀತಕ್ಕೆ ಎರಡು ಸಾಲು, ಉಳಿದದ್ದೆಲ್ಲ ಆ ನಡುಗುವ ಬೆಳಕಿಗೆ. ಜುಮಿರಾಳ ಗಂಡ ಪಾಕ್ ವಾಕಿಜಾನ್ ಮೀನಿನ ಹೊಂಡ ಇಟ್ಟುಕೊಂಡವನು, ಕನ್ನಡಕ ಹಾಕಿಕೊಂಡು ಅದನ್ನು ಹೆಂಡತಿಗೆ ಪೂರ್ತಿ ಓದಿಹೇಳಿ ಮಡಿಸಿಟ್ಟ.

"ನಿನ್ನ ಕಾಯಿಲೆ ಪೇಪರ್‌ನಲ್ಲಿ ಬಂದಿದೆ, ಬು."

ಅಷ್ಟರಲ್ಲಿ ಮಗಳು ಸುನಾರ್ತಿಗೆ ಗಂಡು ಗೊತ್ತಾಯಿತು. ಮದುವೆಯ ದಿನ ಹುಡುಗಿಯ ತಂದೆತಾಯಿ ತ್ರುಂತುಮ್ ಉಡಬೇಕು. ಕಡುಕಪ್ಪು ನೆಲದ ಮೇಲೆ ಬಟ್ಟೆಯ ತುಂಬ ಬಿಳಿಯ ಪುಟ್ಟ ನಕ್ಷತ್ರಗಳು, ನಕ್ಷತ್ರದ ಸುತ್ತ ಚುಕ್ಕಿ. ಅಂಗಡಿಯಲ್ಲಿ ಅಚ್ಚು ಹಾಕಿದ್ದು ಬೇಕಾದಷ್ಟು ಸಿಗುತ್ತದೆ. ಆದರೆ ಚುಕ್ಕಿ ಇಟ್ಟೇ ಬದುಕಿದವಳು ಮಗಳ ಮದುವೆಗೆ ಅಚ್ಚಿನ ಬಟ್ಟೆ ಉಟ್ಟು ನಿಂತರೆ ಬು ದಾರ್ಮಿಯ ಕಾರ್ಖಾನೆಗೆ ಒಂದು ವರ್ಷಕ್ಕಾಗುವಷ್ಟು ನಗು. ಗಂಡನಿಗೊಂದು, ತನಗೊಂದು, ಎರಡೂ ತನ್ನ ಕೈಯಲ್ಲೇ ಬರೆಯುತ್ತೇನೆಂದು ಜುಮಿರಾ ಹಟ ಹಿಡಿದಳು.

ಅದಕ್ಕಾಗಿಯೇ ಆಕೆ ಆಸ್ಪತ್ರೆಗೆ ಹೋದದ್ದು. ಅದುವರೆಗೂ ಯಾರೆಷ್ಟು ಹೇಳಿದರೂ ಹೋಗಿರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಹೊತ್ತುಹೊತ್ತಿಗೆ ನುಂಗಬೇಕು, ಏನೇ ಆದರೂ ಒಮ್ಮೆಲೇ ನಿಲ್ಲಿಸಬಾರದು ಎಂದು ವಾಕಿಜಾನ್‌ಗೆ ಒತ್ತಿ ಹೇಳಿದರು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಅವರ ಮನೆಗೆ ಮೀನು ತರಲು ಹೋದಾಗ, ಆಕೆ ಬಟ್ಟೆಯ ಮುಂದೆ ಕುಳಿತು ಚಾಂತಿಂಗ್ ಊದಿ ಮೊದಲ ಚುಕ್ಕಿ ಇಟ್ಟಳು. ವಾಕಿಜಾನ್ ಬಗ್ಗಿ ನೋಡಿದ.

"ಗುಂಡಗಿದೆ" ಎಂದ.

"ನನಗೆ ಕಣ್ಣಿಲ್ವಾ?" ಎಂದಳು ಆಕೆ. ದನಿ ಒಡೆದಿತ್ತು.

ಆನಂದಬಾಷ್ಪ ಎಂದು ನೀವು ತಿಳಿಯುವ ಮೊದಲೇ ಹೇಳಿಬಿಡುತ್ತೇನೆ. ಅದೇ ಮಧ್ಯಾಹ್ನ ಆಕೆ ಆ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋಗಿ, ಊಟಕ್ಕೆ ಕುಳಿತ ಹೆಂಗಸರ ನಡುವೆ ಹರಡಿ, "ನೋಡ್ಕೊಳ್ಳಿ. ಎಲ್ಲಾದ್ರೂ ಬಾಲ ಕಂಡ್ರೆ ಹೇಳಿ" ಎಂದಳಂತೆ. ಯಾರೂ ತುತ್ತು ಎತ್ತಲಿಲ್ಲವಂತೆ.

ಗಂಡನ ಬಟ್ಟೆ ಮುಗಿಯಿತು. ತನ್ನದು ಶುರುವಾಯಿತು. ಆಗ ಗುರಿತ್ನೊಗೆ ದೊಡ್ಡ ಉತ್ಸವದ ಕರೆ ಬಂತು. ವಿದೇಶದಿಂದ ಜನ ಬರುತ್ತಾರೆ, ಹೆರಾವತಿ ಬರುತ್ತಾಳೆ. ಮೊದಲ ತಾಲೀಮಿನಲ್ಲಿ ನಾವು ಅರ್ಧ ಬಾರಿಸುವಷ್ಟರಲ್ಲಿ ಅವನು ಕೈ ಎತ್ತಿ ನಿಲ್ಲಿಸಿದ. ಎಲ್ಲರೂ ತಿರುಗಿ ನೋಡಿದೆವು. ತೆರೆಯ ಮೇಲೆ ಪಾಚಿ ಇತ್ತು, ಕವಲು ಇತ್ತು, ಕೆಂಪು ಇತ್ತು. ಎಲ್ಲವೂ ಸ್ನಾನ ಮಾಡಿಸಿ ಮಲಗಿಸಿದ ಹಾಗೆ ಸುಮ್ಮನಿದ್ದವು.

"ಬು, ಏನಾಗಿದೆ?"

"ವಾಸಿಯಾಗಿದೆ."

"ಉಂಗುರಗಳು ಎಲ್ಲಿ?"

"ಮಾತ್ರೆ ನುಂಗಿತು."

"ಬು, ಚಿತ್ರ ಸತ್ತುಹೋಗಿದೆ."

"ಕೈ ಬದುಕಿದೆಯಲ್ಲ ಮಾಸ್."

ಗುರಿತ್ನೊ ಆ ದಿನವೆಲ್ಲ ನೀರನ್ನು ನಡುಗಿಸಲು ಹೆಣಗಿದ. ತಟ್ಟೆಯ ಕೆಳಗೆ ಮೊಬೈಲ್ ಇಟ್ಟು ಕರೆ ಮಾಡಿದ. ಫ್ಯಾನ್ ಹಚ್ಚಿದ. ಪೊನಿಮಿನ್‌ನಿಂದ ಮೇಜನ್ನು ಒದೆಸಿದ. ಏನು ಮಾಡಿದರೂ ತೆರೆಯ ಮೇಲೆ ವಾಷಿಂಗ್ ಮೆಷಿನ್ ಒಳಗೆ ಇಣುಕಿದಂತೆ ಕಾಣುತ್ತಿತ್ತು.

"ಪ್ರಕೃತಿ ಅಂದ್ರೆ ಇವನಿಗೆ ಸೊಳ್ಳೆ ಇಲ್ಲದ ಕಾಡು" ಎಂದು ಪೊನಿಮಿನ್ ನನ್ನ ಕಿವಿಯಲ್ಲಿ ಅಂದ. "ಈಗ ನೋಡು, ಸೊಳ್ಳೇನ ಹುಡುಕ್ತಾ ಇದ್ದಾನೆ."

ಸಂಜೆ ಗುರಿತ್ನೊ ತಾನೇ ಚಹಾ ತಂದ. ಸೋಯಾಕಾಳಿನ ಕರಿದ ತೆಂಪೆ ತಂದ. ಜುಮಿರಾಳ ಎದುರು ನೆಲದ ಮೇಲೆ ಕುಳಿತ. ಅವನು ನೆಲದ ಮೇಲೆ ಕುಳಿತನೆಂದರೆ ಯಾರಿಗೋ ಗ್ರಹಚಾರ ಎಂದು ನಮಗೆಲ್ಲ ಗೊತ್ತು. ವಾದ್ಯ ಒರೆಸುವ ನೆಪದಲ್ಲಿ ನಾವೆಲ್ಲ ಅಲ್ಲೇ ಉಳಿದೆವು.

"ಬು, ಉತ್ಸವ ಮುಗಿಯೋವರೆಗೆ ಮಾತ್ರೆ ಸ್ವಲ್ಪ ಬಿಟ್ಟಿರೋಕಾಗುತ್ತಾ?"

"ಡಾಕ್ಟರ್ ಬಿಡಬಾರ್ದು ಅಂದಿದ್ದಾರೆ."

"ಡಾಕ್ಟರ್‌ಗೆ ಎಲ್ಲರೂ ಒಂದೇ. ನೀವು ಕಲಾವಿದೆ."

"ನಾನು ಬಟ್ಟೆ ಬರೀಬೇಕು ಮಾಸ್. ನಂದಿನ್ನೂ ಅರ್ಧ ಆಗಿದೆ."

ಗುರಿತ್ನೊ ತೆಂಪೆಯ ತಟ್ಟೆಯನ್ನು ಆಕೆಯ ಕಡೆ ಸರಿಸಿದ. "ಮಗಳ ಮದುವೆಗೆ ಸಂಗೀತ ಏನು ಮಾಡಿದ್ದೀರಿ?"

"ಎಲ್ಲರ ಥರಾನೇ. ಸ್ಪೀಕರ್."

"ನಮ್ಮ ಪೂರ್ತಿ ಗಾಮೆಲಾನ್ ತರ್ತೀನಿ. ಬೆಳಿಗ್ಗೆಯಿಂದ ಬಾರಿಸ್ತೀವಿ. ನನ್ನ ಕಾಣಿಕೆ ಅಂದ್ಕೊಳ್ಳಿ."

ಜುಮಿರಾ ಎತ್ತಿಕೊಂಡ ತೆಂಪೆಯನ್ನು ತಟ್ಟೆಗೆ ವಾಪಸ್ ಇಟ್ಟಳು. ಬು ದಾರ್ಮಿ ತನ್ನ ಮಗಳ ಮದುವೆಗೆ ಕೀಬೋರ್ಡಿನವನೊಬ್ಬನನ್ನೂ ಕಿರಿಚುವ ಹಾಡುಗಾರ್ತಿಯನ್ನೂ ಕರೆಸಿದ್ದಳು. ನಿಜವಾದ ಗಾಮೆಲಾನ್ ಆ ಓಣಿಗೆ ಬಂದದ್ದು ಯಾವ ಕಾಲವೋ.

"ದೊಡ್ಡ ಗಾಂಗೂ ತರ್ತೀರಾ?" ಎಂದು ಕೇಳಿದಳು.

"ದೊಡ್ಡ ಗಾಂಗೂ."

"ಕಾರ್ಖಾನೆವರೆಗೂ ಕೇಳಿಸುತ್ತಾ ಅದು?"

"ಅದಕ್ಕಿಂತ ಆಚೆಗೂ ಕೇಳಿಸುತ್ತೆ ಬು."

ಪೊನಿಮಿನ್ ಬಟ್ಟೆ ಕೊಡವುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದ: "ಮೊದ್ಲು ಬಟ್ಟೆ ಮುಗಿಸಿಬಿಡಿ ಬು. ಗಾಂಗ್ ಎಲ್ಲಿಗೂ ಓಡಿ ಹೋಗಲ್ಲ."

"ಉತ್ಸವ ಆದ್ಮೇಲೆ ಮದುವೆಗೆ ಇನ್ನೂ ಟೈಮಿದೆ" ಎಂದಳು ಜುಮಿರಾ. "ನನ್ನ ಕೈ ವೇಗ ನಿಮಗೆ ಗೊತ್ತಿಲ್ಲ."

ವಾಕಿಜಾನ್ ಮನೆಯಲ್ಲಿ ಜಗಳವಾಡಿದ. ಮಾತ್ರೆಯನ್ನು ಅನ್ನದಲ್ಲಿ ಬಚ್ಚಿಟ್ಟು ತಿನ್ನಿಸಲು ನೋಡಿದ. ಆಕೆ ಅದನ್ನು ಕಲ್ಲು ಸಿಕ್ಕಂತೆ ತೆಗೆದು ತಟ್ಟೆಯ ಅಂಚಿಗಿಟ್ಟಳು. ನಡುಕ ಮರಳಿ ಬಂತು, ಹಿಂದಿಗಿಂತ ಹುರುಪಿನಿಂದ. ಅದರ ಹಿಂದೆಯೇ ಬಿಗಿತ ಬಂತು. ಮೊದಲು ಮುಖ ಹೋಯಿತು. ನಗು ಸಿಟ್ಟು ಯಾವುದೂ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಆಮೇಲೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಹೋಯಿತು. ವಾಕಿಜಾನ್ ತುತ್ತು ಕಲಸಿ ಬಾಯಿಗಿಡುತ್ತ, ಹೊಂಡದ ಮೀನುಗಳಾದರೂ ತಾವಾಗಿ ತಿನ್ನುತ್ತವೆ ಎಂದು ಗೊಣಗುತ್ತಿದ್ದ. ತಾಲೀಮಿಗೆ ಆಕೆಯನ್ನು ಬೈಕಿನ ಹಿಂದೆ ತನ್ನ ಸೊಂಟಕ್ಕೆ ಬಟ್ಟೆಯಿಂದ ಕಟ್ಟಿಕೊಂಡು ತರುತ್ತಿದ್ದ. ಗುರಿತ್ನೊ ಅವಳನ್ನು ನೋಡುತ್ತಿರಲಿಲ್ಲ, ತೆರೆಯನ್ನು ನೋಡುತ್ತಿದ್ದ. ತೆರೆಯ ಮೇಲೆ ಎಲ್ಲವೂ ಸೊಗಸಾಗಿತ್ತು.

ಉತ್ಸವದ ಸಂಜೆ ಅದು ಸೊಗಸಿಗೂ ಮೀರಿತ್ತು ಎಂದು ಒಪ್ಪಲೇಬೇಕು. ಉಂಗುರಗಳು ಒಂದನ್ನೊಂದು ಹಾಯ್ದು, ಜೇಡನ ಬಲೆಯ ಮೇಲೆ ಇಬ್ಬನಿ ಅಲುಗಿದಂತೆ, ಇಡೀ ಸಭಾಂಗಣ ನೀರಿನಡಿಗೆ ಇಳಿದಂತೆ ಆಗಿತ್ತು. ನನ್ನ ಕೊನೆಯ ಗಾಂಗ್ ಬಿತ್ತು. ಆಕೆ ಕೈ ಚಾಚಿದಳು. ಚಾಚಿದ ಕೈ ಹಿಂದಕ್ಕೆ ಬರಲಿಲ್ಲ. ಬೆರಳು ಚಾಂತಿಂಗ್ ಅನ್ನು ಬಿಡಲಿಲ್ಲ. ಮೇಣ ಮಣಿಕಟ್ಟಿನ ಮೇಲೆ ಸುರಿಯುತ್ತಿತ್ತು. ಆಮೇಲೆ ತೋಳು ತನ್ನ ಭಾರಕ್ಕೆ ತಾನೇ ಇಳಿದು ತಟ್ಟೆಯೊಳಗೆ ಬಿತ್ತು. ತೆರೆಯ ತುಂಬ ಒಂದು ಹಸ್ತ, ಬೆಟ್ಟದಷ್ಟು ದೊಡ್ಡದು. ಅದರ ಸುತ್ತ ಅರಿಸಿನ ಕೆಂಪಾಗುತ್ತ ಹೋಯಿತು.

ಜನ ಎದ್ದು ನಿಂತರು. ಹೆರಾವತಿ ಮೊದಲ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಿಂದಿನ ಬಾಗಿಲಿಗೆ ಯಾರೋ ವಾದ್ಯಗಳ ಪೆಟ್ಟಿಗೆ ಅಡ್ಡ ಇಟ್ಟಿದ್ದರಿಂದ ವಾಕಿಜಾನ್ ಮತ್ತು ನಾನು ಆಕೆಯನ್ನು ಕುರ್ಚಿಸಮೇತ ಎತ್ತಿ ರಂಗದ ಮೇಲಿನಿಂದಲೇ, ಜನರ ನಡುವಿನಿಂದಲೇ ಹೊರಗೆ ಒಯ್ಯಬೇಕಾಯಿತು. ಕುರ್ಚಿ ಕಂಡ ಕೂಡಲೇ ಚಪ್ಪಾಳೆ ಇನ್ನೂ ಜೋರಾಯಿತು. ಇದೂ ಪ್ರದರ್ಶನದ ಭಾಗ ಎಂದುಕೊಂಡರು. ಪೊನಿಮಿನ್ ಮದ್ದಳೆಯ ಹಿಂದಿನಿಂದ "ನಿಲ್ಲಿಸ್ರಪ್ಪಾ" ಎಂದು ಕೂಗುತ್ತಿದ್ದ. ಅದನ್ನು ಹಾಡಿನ ಸಾಲು ಎಂದುಕೊಂಡರೋ ಏನೋ.

ಡಾಕ್ಟರು ವಾಕಿಜಾನ್‌ಗೆ ಬಾಯಿಗೆ ಬಂದಂತೆ ಬೈದು ಮಾತ್ರೆ ಮತ್ತೆ ಶುರುಮಾಡಿಸಿದರು. ಬಿಗಿತ ನಿಧಾನಕ್ಕೆ ಸಡಿಲಿತು. ಆಕೆ ಎದ್ದು ಕುಳಿತಳು, ನಡೆದಳು, ಬೈದಳು. ಕೈ ಮಾತ್ರ ಹಿಂದಿನ ಹದಕ್ಕೆ ಬರಲಿಲ್ಲ. ಸುಟ್ಟ ಮಣಿಕಟ್ಟು ಬೇರೆ. ಮೂರು ಚುಕ್ಕಿ ಗುಂಡಗೆ ಬಿದ್ದರೆ ನಾಲ್ಕನೆಯದಕ್ಕೆ ಬಾಲ. ಆಕೆ ಬಾಲದ ಚುಕ್ಕಿಗಳನ್ನು ಕೆರೆದು ಕೆರೆದು ತೆಗೆಯುತ್ತಿದ್ದಳು. ಕೊನೆಗೆ ಇಡುವುದಕ್ಕಿಂತ ಕೆರೆಯುವುದೇ ಹೆಚ್ಚಾಯಿತು.

ಕಾರ್ಖಾನೆಯ ಹೆಂಗಸರು ಒಂದು ಮಧ್ಯಾಹ್ನ ಬಂದರು, ಬು ದಾರ್ಮಿಯೂ ಸೇರಿ. ಕನಿಕರಕ್ಕೆ ಬಂದರೋ ನೋಡಿಹೋಗಲು ಬಂದರೋ ಅವರಿಗೇ ಗೊತ್ತಿರಲಾರದು.

"ಕೊಡಿ ಬು, ನಾವೆಲ್ಲ ಕೂತ್ರೆ ಬೇಗ ತುಂಬಿಸ್ತೀವಿ" ಎಂದಳು ದಾರ್ಮಿ.

ಜುಮಿರಾ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. "ನಿಮ್ಮ ಚುಕ್ಕಿ ಇದರ ಮೇಲೆ ಬಿದ್ರೆ ಮದುವೆಮನೇಲಿ ಕೋಳಿ ನುಗ್ಗಿದ ಹಂಗಿರುತ್ತೆ."



"ಸರಿ ಬು" ಎಂದಳು ದಾರ್ಮಿ, ಎದ್ದು ಹೆಗಲವಸ್ತ್ರ ಸರಿಮಾಡಿಕೊಂಡು. "ಹಂಗಾದ್ರೆ ಬರೀ ಕಪ್ಪೇ ಉಟ್ಕೊಳ್ಳಿ."

ಗುರಿತ್ನೊ ಬಂದದ್ದು ಮಾರನೆಯ ದಿನ, ಹಣ್ಣಿನ ಬುಟ್ಟಿ ಹಿಡಿದು. ಜೊತೆಗೆ ಪೊನಿಮಿನ್ ಮತ್ತು ನಾನು. ರಾಟರ್‌ಡ್ಯಾಮ್‌ನಿಂದ ಕರೆ ಬಂದಿತ್ತು, ಆ ಸಂಜೆಯ ಅದೇ ಕಛೇರಿ ಬೇಕೆಂದು.

"ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಬು. ಆದ್ರೆ ಈ ಸ್ಥಿತೀಲಿ ವಿಮಾನ..." ಎಂದು ಅವನು ಕಣ್ಣು ಮುಚ್ಚಿದ. "ಅವತ್ತಿನ ವಿಡಿಯೊ ಪೂರ್ತಿ ರೆಕಾರ್ಡ್ ಆಗಿದೆ. ಅದನ್ನೇ ಹಾಕಿ ನಾವು ಮುಂದೆ ಬಾರಿಸ್ತೀವಿ. ನಿಮ್ಮ ಕೈ ಯುರೋಪಿಗೆ ಹೋಗ್ತಿದೆ ಅಂದ್ಕೊಳ್ಳಿ."

"ಯಾವತ್ತು?" ಎಂದು ಜುಮಿರಾ ಕೇಳಿದಳು.

ಅವನು ದಿನ ಹೇಳಿದ. ಅದು ಮದುವೆಯ ವಾರ.

"ಹಾಗಾದ್ರೆ ಮದುವೆಗೆ ಗಾಮೆಲಾನ್?"

"ಅದಕ್ಕೇ ಬಂದೆ ಬು. ಮದುವೆ ಒಂದು ಎರಡು ವಾರ ಮುಂದಕ್ಕೆ ಹಾಕಿದ್ರೆ ನಾವು ವಾಪಸ್ ಬಂದಿರ್ತೀವಿ."

ವಾಕಿಜಾನ್ ಅದುವರೆಗೂ ಬಾಗಿಲಲ್ಲಿ ನಿಂತು ಬಲೆ ಬಿಡಿಸುತ್ತಿದ್ದ. ನಮ್ಮಲ್ಲಿ ಹುಡುಗ ಹುಡುಗಿಯ ಹುಟ್ಟಿದ ವಾರಗಳನ್ನು ಕೂಡಿಸಿ, ಕಳೆದು, ಒಂದೇ ದಿನ ತೆಗೆಯುತ್ತಾರೆ. ಅದು ತಪ್ಪಿದರೆ ಮತ್ತೆ ಮೊದಲಿನಿಂದ.

"ದಿನ ತೆಗೆದುಕೊಟ್ಟಿದ್ದು ನಮ್ಮಣ್ಣ, ಮಾಸ್" ಎಂದ. "ಹೋದ ತಿಂಗಳು ತೀರ್ಕೊಂಡ. ನೀವೇ ಹೋಗಿ ಕೇಳ್ಕೊಂಡ್ ಬನ್ನಿ."

ಗುರಿತ್ನೊ ಹಣ್ಣಿನ ಬುಟ್ಟಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದ. ಹೊರಗೆ ಬಂದ ಮೇಲೆ ಪೊನಿಮಿನ್ ಮತ್ತೆ ಒಳಗೆ ಹೋಗಿ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತ.

"ನಾನು ಹೋಗ್ತಿದ್ದೀನಿ ಬು. ನಾಟಕ ಆಡಲ್ಲ. ಜೀವನದಲ್ಲಿ ಒಂದ್ಸಲ ಹಿಮ ನೋಡ್ಬೇಕು ನಂಗೆ."

"ನೋಡ್ಕೊಂಡ್ ಬಾ. ಸ್ವೆಟರ್ ಇದ್ಯಾ?"

"ಇಲ್ಲ."

"ಸಾಯ್ತೀಯ."

ನನ್ನನ್ನು ಕರೆದೊಯ್ಯಲಿಲ್ಲ. ಗಾಂಗ್ ಹೊಡೆಯಲು ಅಲ್ಲೇ ಒಬ್ಬ ಸಿಕ್ಕಿದನಂತೆ, ಟಿಕೆಟ್ ಉಳಿಯಿತು. ಹೀಗಾಗಿ ಮದುವೆಗೆ ನಾನು ಹೋದೆ.

ಓಣಿಯ ಬಾಯಿಯಲ್ಲೇ ಗುರಿತ್ನೊ ಕಳಿಸಿದ ಹೂವಿನ ಫಲಕ ನಿಂತಿತ್ತು, ಎರಡಾಳೆತ್ತರ. ಶುಭಾಶಯ ಸಣ್ಣಕ್ಷರದಲ್ಲಿ, ಮದುಮಕ್ಕಳ ಹೆಸರು ಅದಕ್ಕಿಂತ ಸಣ್ಣದರಲ್ಲಿ, ಅವನ ತಂಡದ ಹೆಸರು ಮಾತ್ರ ರಸ್ತೆಯ ಆಚೆಯಿಂದಲೂ ಓದುವಂತೆ ಚೆಂಡುಹೂವಿನಲ್ಲಿ. ಸ್ಪೀಕರಿನಲ್ಲಿ ಯಾವುದೋ ಗಾಮೆಲಾನ್ ರೆಕಾರ್ಡು ಹಾಕಿದ್ದರು. ನಡುನಡುವೆ ಅದು ಕೆಮ್ಮುತ್ತಿತ್ತು. ಗಾಂಗ್ ಬೀಳುವ ಜಾಗ ಬಂದಾಗ ನನ್ನ ಕೈ ತಾನಾಗಿ ಏಳುತ್ತಿತ್ತು, ನಾಚಿಕೆಯಾಗಿ ತೊಡೆಯ ಕೆಳಗಿಟ್ಟುಕೊಂಡೆ.

ಮದುಮಕ್ಕಳ ಪಕ್ಕದಲ್ಲಿ ವಾಕಿಜಾನ್ ಮತ್ತು ಜುಮಿರಾ ಕುಳಿತಿದ್ದರು. ವಾಕಿಜಾನ್‌ನ ಬಟ್ಟೆಯ ತುಂಬ ನಕ್ಷತ್ರ, ಒಂದಕ್ಕೂ ಬಾಲವಿಲ್ಲ. ಜುಮಿರಾ ತನ್ನದನ್ನು ಹಾಗೆಯೇ ಬಣ್ಣಕ್ಕೆ ಅದ್ದಿಸಿದ್ದಳು. ಮೇಣ ಬಿದ್ದ ಕಡೆ ನಕ್ಷತ್ರ, ಬೀಳದ ಕಡೆ ಬರೀ ಕಪ್ಪು. ಉಡಿಸುವ ಹೆಂಗಸು ಕಪ್ಪು ಭಾಗವನ್ನು ಒಳಮಡಿಕೆಗೆ ಹಾಕಲು ನೋಡಿದಳಂತೆ. ಆದರೆ ನಡುಗುವವಳಿಗೆ ಉಡಿಸುವುದು ಸುಲಭವಲ್ಲ, ಹೊತ್ತೂ ಮೀರುತ್ತಿತ್ತು. ಸುತ್ತಿದ್ದು ಸುತ್ತಿದ ಹಾಗೆ ನಿಂತಿತು. ಮೊಣಕಾಲಿನವರೆಗೆ ನಕ್ಷತ್ರಗಳು ಬಂದು, ಅಲ್ಲಿಗೆ ಸಾಲು ಮುರಿದು, ಕೆಳಗೆಲ್ಲ ಕಪ್ಪು. ಬು ದಾರ್ಮಿ ಎರಡನೆಯ ಸಾಲಿನಲ್ಲಿ ಕುಳಿತು ಅದನ್ನೇ ನೋಡುತ್ತಿದ್ದಳು. ಅವಳು ನಗಲಿಲ್ಲ. ನಗುವ ಅಗತ್ಯವಿರಲಿಲ್ಲ. ಜುಮಿರಾಳ ಮುಖವಂತೂ ಹಲಗೆಯಂತಿತ್ತು. ಮಗಳನ್ನು ಕಳಿಸುವಾಗಲೂ ಇವಳಿಗೆ ಎಷ್ಟು ಸೊಕ್ಕು ನೋಡಿ ಎಂದು ಗಂಡಿನ ಕಡೆಯವರೊಬ್ಬರು ಅಂದದ್ದು ನನಗೇ ಕೇಳಿಸಿತು.

ಊಟಕ್ಕೆ ಏಳುವ ಹೊತ್ತಿಗೆ ಹೆರಾವತಿ ಬಂದಳು. ಜಕಾರ್ತಾದಿಂದ ಅದಕ್ಕೆಂದೇ ಬಂದಿದ್ದಳು. ಅವಳ ಕುತ್ತಿಗೆಯಲ್ಲಿ ಮರದ ಮಣಿಗಳು, ಕೈಯಲ್ಲಿ ಫೋನು. ಮದುಮಕ್ಕಳಿಗೆ ಕೈ ಜೋಡಿಸಿ, ನೇರ ಜುಮಿರಾಳ ಎದುರು ಬಂದು ಬಗ್ಗಿ ಕುಳಿತು, ಬಟ್ಟೆಯನ್ನು ಬಹಳ ಹೊತ್ತು ನೋಡಿದಳು. ನಕ್ಷತ್ರ ನಿಂತ ಜಾಗದ ಮೇಲೆ ಬೆರಳಾಡಿಸಿದಳು. ಅವಳ ಕಣ್ಣು ತುಂಬಿಬಂತು. ಆ ಕಣ್ಣೀರು ಸುಳ್ಳಲ್ಲ, ಅಷ್ಟನ್ನು ನಾನು ಹೇಳಬಲ್ಲೆ.

"ಇದನ್ನ ನಾನು ಎಲ್ಲೂ ನೋಡಿಲ್ಲ ಬು" ಎಂದಳು. "ಇಲ್ಲೀವರೆಗೆ ಇಡೀ ಆಕಾಶ. ಇದ್ದಕ್ಕಿದ್ದ ಹಾಗೆ ಕತ್ತಲೆ. ತೆರೆ ಮೇಲೆ ನೀವು ಹುಡುಕ್ತಾ ಇದ್ದಿದ್ದು ಇದನ್ನೇ ಅಲ್ವಾ?" ಫೋನನ್ನು ಜುಮಿರಾಳ ಬಾಯಿಯ ಹತ್ತಿರ ಹಿಡಿದಳು. "ಈ ಖಾಲಿ ಜಾಗದಲ್ಲಿ ನೀವು ಏನು ಹೇಳೋಕೆ ಹೊರಟಿದ್ದೀರಿ, ಬು?"

ವಾಕಿಜಾನ್ ಹೆಂಡತಿಯ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಒತ್ತಿ ಹಿಡಿದುಕೊಂಡಿದ್ದ. 

"ಮುಗೀಲಿಲ್ಲ" ಎಂದಳು ಜುಮಿರಾ.